ಕಾಯುವುದು, ಕೇಳುವುದು

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಮನೆಗೆ ಒಂದು ಯಂತ್ರ ಬಂದಿತು. ಅದನ್ನು ಹೊಸದೆನ್ನಲು ಮನಸ್ಸು ಒಪ್ಪುವುದಿಲ್ಲ. ಅದರೊಳಗಿನ ವಿದ್ಯೆ ನೂರು ವರ್ಷಕ್ಕೂ ಹಳೆಯದು. ಹಳೆಯದೆನ್ನೋಣವೆಂದರೆ ಅದರ ತಿರುಪುಗಳು ಇನ್ನೂ ಹೊಳೆಯುತ್ತಿವೆ. ಅದು ಮನೆಯಲ್ಲಿ ಹಾಡು ಕೇಳುವ ವಾಲ್ವ್ ಆಂಪ್ಲಿಫೈಯರ್. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೊಲ್ಲಾಪುರದಲ್ಲಿ ಟಿ.ವಿ., ರೇಡಿಯೋ ದುರಸ್ತಿಯ ಅಂಗಡಿ ಇಟ್ಟಿದ್ದಾನೆ. ಬಿಡುವಿನಲ್ಲಿ ತಾನೇ ಕೂಡಿಸಿದ ಈ ಯಂತ್ರವನ್ನು ಸಾಮಾನಿನ ಬೆಲೆಗೇ ನನಗೆ ಕೊಟ್ಟ. “ಸರ, ನೀವು ಹಾಡ ಕೇಳವ್ರು. ಒಂದ ತಿಂಗಳ ಇಟ್ಕೊಂಡು ಕೇಳ್ರಿ. ಮನಸಿಗಿ ಬರಲಿಲ್ಲಂದ್ರ ವಾಪಸ್ ತರ್ರಿ” ಎಂದ.

ತಿಂಗಳು ಕಳೆದು ಬಹಳ ದಿನವಾಯಿತು, ನಾನು ಅದನ್ನು ತಿರುಗಿ ಕೊಟ್ಟಿಲ್ಲ. ಆದರೆ ಇಟ್ಟುಕೊಂಡಿರುವುದಕ್ಕೆ ಇಂದಿನ ಕಾರಣ ಬೇರೆ, ಮೊದಲ ದಿನದ ಕಾರಣ ಬೇರೆ. ಒಂದರಿಂದ ಇನ್ನೊಂದಕ್ಕೆ ನಾನು ಹೇಗೆ ಬಂದೆ ಎಂಬುದನ್ನು ವಿದ್ಯಾರ್ಥಿಗಳ ಮುಂದೆಯೂ ಪಾಲಕರ ಮುಂದೆಯೂ ಇಡಬೇಕೆನ್ನಿಸಿತು. ಕನ್ನಡ ಕಲಿಸುವ ಮಾಸ್ತರನಿಗೆ ಯಂತ್ರದ ಉಸಾಬರಿ ಏಕೆಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಉತ್ತರ ಮುಂದೆ ತಾನಾಗಿ ಬರುತ್ತದೆ.

ನಾನು ಚಿಕ್ಕವನಿದ್ದಾಗ, 1980ರ ದಶಕದಲ್ಲಿ, ನಮ್ಮ ಪಡಸಾಲೆಯ ಹಲಗೆಯ ಮೇಲೆ ಅಜ್ಜ ಕೊಂಡ ವಾಲ್ವ್ ರೇಡಿಯೋ ಇತ್ತು. ಕಟ್ಟಿಗೆಯ ಪೆಟ್ಟಿಗೆ, ಮುಂದೆ ಬಟ್ಟೆಯ ಮರೆ, ಗಾಜಿನ ಮೇಲೆ ಊರುಗಳ ಹೆಸರು. ಗುಂಡಿ ತಿರುವಿದ ಕೂಡಲೇ ಅದು ಮಾತನಾಡುತ್ತಿರಲಿಲ್ಲ. “ತಡೀ, ಕಾಯ್ಲಿ” ಎನ್ನುತ್ತಿದ್ದರು ಅಜ್ಜ. ಅದು ಕಾಯಬೇಕು ಎಂದರೆ ಬಿಸಿಯಾಗಬೇಕು. ಅದು ಕಾಯುವವರೆಗೆ ನಾವು ಕಾಯಬೇಕು. ಒಂದೇ ಮಾತಿನಲ್ಲಿ ಎರಡು ಕೆಲಸ! ಪೆಟ್ಟಿಗೆಯ ಹಿಂದಿನ ತೂತುಗಳಲ್ಲಿ ಕೆಂಡದಂಥ ಬೆಳಕು ಕಾಣಿಸುತ್ತಿತ್ತು. ಬಳಿಕ ದೂರದಿಂದ ಯಾರೋ ನಡೆದು ಬಂದಂತೆ ಮೆಲ್ಲಗೆ ದನಿ ಬರುತ್ತಿತ್ತು. ಆ ದನಿ ಧಾರವಾಡದ್ದು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಅಕ್ಕಲಕೋಟೆಯ ಸೀಮೆ ಮುಂಬಯಿ ಪ್ರಾಂತದಲ್ಲಿಯೇ ಉಳಿಯಿತು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು. ಆದರೆ 1950ರ ಜನವರಿಯಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿಗೆ ಈ ಗೆರೆ ಕಾಣಿಸಲಿಲ್ಲ. ಮನೆಯ ಮಾತು ಕನ್ನಡ, ಬಜಾರದ ಮಾತು ಮರಾಠಿ ಎಂದು ಬೆಳೆದ ನಮಗೆ, ತಪ್ಪಿಲ್ಲದ ಕನ್ನಡವನ್ನು ದಿನವೂ ಕಿವಿಗೆ ಹಾಕಿದ ಮೊದಲ ಗುರು ಆ ಪೆಟ್ಟಿಗೆಯೇ. ಪುಸ್ತಕ ಆಮೇಲೆ ಬಂದಿತು.

ಮುಂದೆ ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಟೇಪ್ ರೆಕಾರ್ಡರು ಬಂದಿತ್ತು. ರೇಡಿಯೋ ಕೆಟ್ಟು ಮೂಲೆ ಸೇರಿತ್ತು. ಒಂದು ದಿನ ಓಣಿಯಲ್ಲಿ ಭಂಗಾರದವನು ಕೂಗುತ್ತ ಬಂದ. ಮೋಡಕಾ ಸಾಮಾನು ಕೊಳ್ಳುವವನನ್ನು ನಮ್ಮ ಕಡೆ ಮರಾಠಿಯಿಂದ ಬಂದ ಆ ಹೆಸರಿನಿಂದಲೇ ಕರೆಯುತ್ತಾರೆ. ನಾನೇ ರೇಡಿಯೋ ಎತ್ತಿ ಅವನ ತಕ್ಕಡಿಗೆ ಹಾಕಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ‘ಭಂಗಾರ’ಕ್ಕೂ ‘ಬಂಗಾರ’ಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ ಎಂಬುದು ಕನ್ನಡ ಕಲಿಸುವ ನನಗೂ ಅಂದು ಹೊಳೆಯಲಿಲ್ಲ. ಹಳೆಯ ವಿದ್ಯಾರ್ಥಿಯ ಅಂಗಡಿಯಲ್ಲಿ ಗಾಜಿನ ಬುಡ್ಡಿಗಳು ಕೆಂಪಗೆ ಹೊಳೆಯುವುದನ್ನು ಕಂಡಾಗ ನನ್ನ ಕೈ ತಾನಾಗಿ ಕಿಸೆಗೆ ಹೋದದ್ದು ಏಕೆಂದು ಈಗ ನಿಮಗೆ ತಿಳಿದಿರಬಹುದು.

ವಿದ್ಯಾರ್ಥಿ ಮಿತ್ರರೇ, ಈ ಬುಡ್ಡಿ ಏನು ಮಾಡುತ್ತದೆಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ಅದು ಗಾಳಿ ತೆಗೆದು ಮುಚ್ಚಿದ ಗಾಜಿನ ಕೊಳವೆ. ಅದರ ನಡುವೆ ಒಂದು ತಂತಿ ಕಾದು, ತನ್ನ ಸುತ್ತಲಿನ ಲೋಹದ ನಳಿಗೆಯನ್ನು ಕಾಯಿಸುತ್ತದೆ. ಕಾದ ನಳಿಗೆಯಿಂದ ಇಲೆಕ್ಟ್ರಾನುಗಳು ಹೊರಬೀಳುತ್ತವೆ. ಎದುರಿಗಿರುವ ಲೋಹದ ತಗಡಿಗೆ ಸುಮಾರು 250 ವೋಲ್ಟ್ ವಿದ್ಯುತ್ತಿನ ಸೆಳೆತವಿರುವುದರಿಂದ ಅವು ಅತ್ತ ಹರಿಯುತ್ತವೆ. ನಡುವೆ ತಂತಿಯ ಜಾಲರಿ ಇದೆ. ಹಾಡಿನ ದುರ್ಬಲ ವಿದ್ಯುತ್ತನ್ನು ಈ ಜಾಲರಿಗೆ ಕೊಡುತ್ತಾರೆ. ಹೊಲದ ಕಾಲುವೆಗೆ ಹಲಗೆಯ ಬಾಗಿಲು ಇಟ್ಟಿರುತ್ತಾರಲ್ಲ, ಹುಡುಗನೊಬ್ಬ ಅದನ್ನು ಎತ್ತಿ ಇಳಿಸಿದರೆ ಇಡೀ ಕಾಲುವೆಯ ನೀರು ಹೆಚ್ಚು ಕಡಿಮೆ ಆಗುತ್ತದೆ. ಜಾಲರಿಯ ಕೆಲಸವೂ ಅದೇ. ಸಣ್ಣ ಕೈ ದೊಡ್ಡ ಹರಿವನ್ನು ಆಳುತ್ತದೆ. ಸಣ್ಣ ದನಿ ದೊಡ್ಡದಾಗುವುದು ಹೀಗೆ.

1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಅಂಗಗಳ ವಾಲ್ವನ್ನು ಮಾಡಿದ. ಎರಡು ವರ್ಷಗಳಲ್ಲಿ ಅಮೆರಿಕೆಯ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಅಂಗವಾದ ಜಾಲರಿಯನ್ನು ಸೇರಿಸಿದ. ಅಲ್ಲಿಂದ ಅರ್ಧ ಶತಮಾನ ರೇಡಿಯೋ, ಸಿನಿಮಾ, ಧ್ವನಿಮುದ್ರಣ ಎಲ್ಲವೂ ಈ ಬುಡ್ಡಿಯ ಬೆಳಕಿನಲ್ಲಿಯೇ ನಡೆದವು. ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆ ಕೂಡ ಒಂದು ಕಾಲಕ್ಕೆ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದಕ್ಕೆ ಕಾಯುವ ತಂತಿ ಬೇಡ, ಗಾಜು ಬೇಡ, ಹೆಚ್ಚು ವೋಲ್ಟ್ ಬೇಡ. ಕೆಲವು ದಶಕಗಳಲ್ಲಿ ವಾಲ್ವ್ ಮನೆಗಳಿಂದ ಮರೆಯಾಯಿತು. ಇಂದಿಗೂ ರಷ್ಯಾ, ಚೀನಾ, ಸ್ಲೊವಾಕಿಯಾ ದೇಶಗಳಲ್ಲಿ ಸಂಗೀತದವರಿಗಾಗಿ ಅದನ್ನು ಮಾಡುತ್ತಾರೆ.

ನಮ್ಮ ಮನೆಗೆ ಬಂದ ಯಂತ್ರದಲ್ಲಿ ಇಎಲ್ 84 ಎಂಬ ಎರಡು ದೊಡ್ಡ ಬುಡ್ಡಿಗಳೂ ಒಂದು ಚಿಕ್ಕ ಬುಡ್ಡಿಯೂ ಇವೆ. ಗೋಡೆಯಿಂದ ಸುಮಾರು 50 ವಾಟ್ ಎಳೆದು, ಒಂದೊಂದು ಸ್ಪೀಕರಿಗೆ ಅದು ಕೊಡುವುದು ನಾಲ್ಕು ವಾಟ್ ಮಾತ್ರ. ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ. ಅರ್ಥಶಾಸ್ತ್ರದ ಮಾಸ್ತರರು ಇದನ್ನು ಪಾಸು ಮಾಡಲಾರರು. ಆದರೆ ನಾಲ್ಕು ವಾಟ್ ಕಡಿಮೆಯೆಂದು ತಿಳಿಯಬೇಡಿ. ಕಿವಿಯ ಲೆಕ್ಕ ಬೇರೆ. ದನಿ ಎರಡು ಪಟ್ಟು ಜೋರೆನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆದ್ದರಿಂದ 40 ವಾಟಿನ ಯಂತ್ರ 4 ವಾಟಿನದಕ್ಕಿಂತ ಹತ್ತು ಪಟ್ಟು ಜೋರಲ್ಲ, ಎರಡು ಪಟ್ಟು ಮಾತ್ರ. ಪಡಸಾಲೆಯಲ್ಲಿ ಕುಳಿತು ಕೇಳುವವರಿಗೆ ಒಂದು ವಾಟ್ ಕೂಡ ಹೆಚ್ಚೇ.

ಈಗ ಮೊದಲ ಸಂಜೆಯ ಮಾತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿದ್ದುದು ಅಂಗೈಯಗಲದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಅದನ್ನು ತೆಗೆದು, ಅದೇ ಸ್ಪೀಕರುಗಳಿಗೆ ಇದನ್ನು ಜೋಡಿಸಿದೆ. ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಬುಡ್ಡಿಗಳ ಬುಡದಲ್ಲಿ ಹಣತೆಯ ಬತ್ತಿಯಂಥ ಬೆಳಕು ಮೂಡಿತು. ಅರ್ಧ ನಿಮಿಷದ ಮೇಲೆ ಮಲ್ಲಿಕಾರ್ಜುನ ಮನ್ಸೂರರ ದನಿ ಕೇಳಿತು. ಸೊನ್ನಲಿಗೆಯ ಸಿದ್ಧರಾಮನ ನಾಡಿನಲ್ಲಿ ಕುಳಿತು ಮನ್ಸೂರರ ಕಂಠದಲ್ಲಿ ವಚನ ಕೇಳುವುದು ನಮಗೆ ಹೊಸದೇನಲ್ಲ. ಆದರೆ ಅಂದು ಅವರು ಗೋಡೆಯ ಈಚೆ ಬಂದು ಕುಳಿತಂತೆ ಆಯಿತು. ತಂಬೂರಿ ತುಂಬಿಕೊಂಡಿತು. ತಬಲೆಯ ಎಡಗೈ ಮೆತ್ತಗೆ, ದುಂಡಗೆ ಬಿದ್ದಿತು. ಬಳಿಕ ಗಂಗೂಬಾಯಿ ಹಾನಗಲ್ಲರ ಆ ಘನವಾದ ದನಿಯನ್ನು ಹಾಕಿದೆ. ಎದೆ ತುಂಬಿ ಬಂದಿತು.

ಮರುದಿನ ಶಾಲೆಯ ಕೋಣೆಯಲ್ಲಿ ನಾನು ಆಡಿದ ಮಾತುಗಳನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. “ಟ್ರಾನ್ಸಿಸ್ಟರಿನಲ್ಲಿ ಜೀವವಿಲ್ಲ, ವಾಲ್ವಿನಲ್ಲಿ ಆತ್ಮವಿದೆ. ಹಳೆಯವರು ದಡ್ಡರಲ್ಲ” ಎಂದು ಭಾಷಣವನ್ನೇ ಮಾಡಿದೆ. ನಮ್ಮ ವಿಜ್ಞಾನದ ಮಾಸ್ತರರು ಚಹಾ ಕುಡಿಯುತ್ತ ನಕ್ಕರು. “ಆತ್ಮದ ವಿಚಾರ ನಮ್ಮ ಪಾಠದಾಗ ಇಲ್ರಿ. ಆದರ ಒಂದ ಕೇಳ್ತೀನಿ. ಎರಡೂ ಯಂತ್ರದ ದನಿ ಸರೀಸಮ ಮಾಡಿ ಕೇಳೀರೇನು?” ಎಂದರು. ನಾನು ಮಾಡಿರಲಿಲ್ಲ. ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಬಂದೆ.

ಮೊದಲು ಆ ಸವಿ ಎಲ್ಲಿಯದು ಎಂಬುದನ್ನು ಅವರೇ ತಿಳಿಸಿಕೊಟ್ಟರು. ಯಾವ ದನಿಯೂ ಒಂಟಿಯಾಗಿ ಬರುವುದಿಲ್ಲ. ತಂಬೂರಿಯ ಷಡ್ಜದ ತಂತಿ ಸೆಕೆಂಡಿಗೆ 200 ಸಲ ಕಂಪಿಸಿದರೆ, ಅದರ ಜೊತೆಯಲ್ಲಿಯೇ 400, 600, 800, 1000 ಎಂಬ ಮೇಲಿನ ಸ್ವರಗಳೂ ಹುಟ್ಟುತ್ತವೆ. 400 ಎಂದರೆ ಮೇಲಿನ ಷಡ್ಜ. 600 ಎಂದರೆ ಅದರ ಮೇಲಿನ ಪಂಚಮ. 1000 ಎಂದರೆ ಗಾಂಧಾರ. ಒಳ್ಳೆಯ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಬರುವುದು ಇದರಿಂದಲೇ. ನಮ್ಮ ಮನೆಯದರಂಥ ಸಾದಾ ವಾಲ್ವ್ ಯಂತ್ರ, ತನಗೆ ಬಂದ ದನಿಗೆ ಈ ಎರಡನೆಯ ಸ್ವರವನ್ನು, ಅಂದರೆ ಮೇಲಿನ ಷಡ್ಜವನ್ನು, ತನ್ನ ಕಡೆಯಿಂದ ಚೂರು ಬೆರೆಸುತ್ತದೆ. ಅದು ಅಪಸ್ವರವಲ್ಲ, ಹಾಲಿಗೆ ಬೆಲ್ಲ ಬೆರೆಸಿದಂತೆ. ಆದರೆ ಬೆಲ್ಲ ಹಸುವಿನದಲ್ಲ, ಬೆರೆಸಿದವನದು. ತಬಲೆ ದುಂಡಗೆ ಕೇಳಿಸಿದ್ದಕ್ಕೂ ಕಾರಣವುಂಟು. ಇಂಥ ಯಂತ್ರಕ್ಕೆ ಸ್ಪೀಕರಿನ ಅಲುಗಾಟದ ಮೇಲೆ ಹಿಡಿತ ಕಡಿಮೆ. ಟ್ರಾನ್ಸಿಸ್ಟರ್ ಯಂತ್ರ ಬಂದುದನ್ನು ಹೆಚ್ಚು ಕಡಿಮೆ ಇದ್ದಂತೆಯೇ ಮುಂದೆ ಕೊಡುತ್ತದೆ. ಶಾಸ್ತ್ರದ ಪ್ರಕಾರ ನಾನು ಹೊಗಳಿದ ‘ಆತ್ಮ’ ಒಂದು ಸಣ್ಣ ತಪ್ಪು. ಕಿವಿಗೆ ಹಿತವಾದ ತಪ್ಪು.

ಇಷ್ಟು ಕೇಳಿ ನಾನು ಸೋಲಲಿಲ್ಲ. ನನ್ನನ್ನು ಸೋಲಿಸಿದವಳು ನಮ್ಮ ಶಾಲೆಯಲ್ಲಿಯೇ ಹತ್ತನೆಯ ತರಗತಿ ಓದುವ ನನ್ನ ಮಗಳು. “ಅಪ್ಪಾ, ನೀವು ಕಣ್ಣಿಲೆ ಕೇಳ್ಲಿಕತ್ತೀರಿ. ಕಿವೀಲೆ ಕೇಳ್ರಿ” ಎಂದಳು. ರವಿವಾರ ಮಧ್ಯಾಹ್ನ ಎರಡೂ ಯಂತ್ರಗಳನ್ನು ಪಂಚೆಯ ಮರೆಯಲ್ಲಿ ಇಟ್ಟಳು. ನಾನು ಕೂಡುವ ಕುರ್ಚಿಯ ಮೇಲೆ ಮೊಬೈಲ್ ಇಟ್ಟು, ಅದರಲ್ಲಿ ದನಿ ಅಳೆಯುವ ಉಪಾಯದಿಂದ ಎರಡರ ದನಿಯನ್ನೂ 70 ಡೆಸಿಬೆಲ್ಲಿಗೆ ಸರಿ ಮಾಡಿದಳು. ಆಗ ಮೊದಲ ಗುಟ್ಟು ಹೊರಬಿದ್ದಿತು. ಮೊದಲ ಸಂಜೆ ನಾನು ವಾಲ್ವ್ ಯಂತ್ರವನ್ನು ಹಳೆಯದಕ್ಕಿಂತ ಜೋರಾಗಿ ಹಚ್ಚಿದ್ದೆ! ಎರಡು ದನಿಗಳಲ್ಲಿ ಒಂದು ಚೂರೇ ಜೋರಾಗಿದ್ದರೂ ಮನುಷ್ಯನ ಕಿವಿ ಅದನ್ನು ‘ಜೋರು’ ಎಂದು ಗುರುತಿಸುವುದಿಲ್ಲ, ‘ಚೆನ್ನ’ ಎಂದು ಗುರುತಿಸುತ್ತದೆ. ಇದು ನನ್ನೊಬ್ಬನ ದೋಷವಲ್ಲ, ಎಲ್ಲರ ಕಿವಿಯ ಸ್ವಭಾವ.

ಬಳಿಕ ಇಪ್ಪತ್ತು ಸಲ ಪರೀಕ್ಷೆ ನಡೆಯಿತು. ಮಗಳು ನಾಣ್ಯ ಚಿಮ್ಮಿಸಿ, ಬಿದ್ದಂತೆ ಯಂತ್ರ ಬದಲಿಸುತ್ತಿದ್ದಳು. ವಾಲ್ವ್ ಯಂತ್ರಕ್ಕೆ ಹಾಡು ನಡೆದಿರುವಾಗ ಸ್ಪೀಕರಿನ ತಂತಿ ಕಳಚಿದರೆ ಒಳಗೆ ಸುಡುವ ಭಯವಿರುವುದರಿಂದ, ಪ್ರತಿಸಲ ದನಿಯನ್ನು ಪೂರ್ತಿ ಇಳಿಸಿ ತಂತಿ ಬದಲಿಸಿದಳು. ನಾನು ಗೋಡೆಗೆ ಮುಖ ಮಾಡಿ ಕುಳಿತು, ಇದು ಯಾವುದೆಂದು ಹೇಳಬೇಕು. ಇಪ್ಪತ್ತರಲ್ಲಿ ಹನ್ನೆರಡು ಸರಿಯಾದವು. ಸುಮ್ಮನೆ ಊಹಿಸಿದರೂ ಹತ್ತು ಸರಿಯಾಗುತ್ತವೆ. ಹನ್ನೆರಡರಲ್ಲಿ ಹೆಚ್ಚಿನವು ತಬಲೆಯ ಎಡಗೈ ಕೇಳಿ ಹೇಳಿದವು. ಗಂಗೂಬಾಯಿಯವರ ದನಿಯಲ್ಲಿ ನಾನು ‘ಆತ್ಮ’ವನ್ನು ಕಂಡ ಎರಡು ಸಲವೂ ಹಾಡಿದ್ದು ಅಂಗೈಯಗಲದ ಹಳೆಯ ಯಂತ್ರ!

ಮಗಳು ಅಂಕಪಟ್ಟಿ ಬರೆದು ಕೈಗೆ ಕೊಟ್ಟಳು. ಪಕ್ಕದಲ್ಲಿ ಕುಳಿತಿದ್ದ ಅವ್ವನನ್ನೂ ಕೇಳಿದಳು, “ಅಮ್ಮಾ, ನಿನಗ ಯಾವುದು ಚಲೋ ಅನಸ್ತು?” ಎಪ್ಪತ್ತು ದಾಟಿದ ಅವ್ವ ಒಂದು ಕ್ಷಣ ವಿಚಾರ ಮಾಡಿ, “ಎರಡರಾಗೂ ಹಾಡಿದವ್ರು ಅವ್ರ ಅಲ್ಲೇನ ತಂಗೀ?” ಎಂದಳು. ಆ ಮಾತಿಗೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ.

ಹಾಗಾದರೆ ಯಂತ್ರವನ್ನು ತಿರುಗಿ ಕೊಡಬೇಕಾಗಿತ್ತಲ್ಲವೇ? ನಾನೂ ಹಾಗೆಯೇ ಯೋಚಿಸಿದೆ. ಪೆಟ್ಟಿಗೆಗೆ ಹಾಕುವ ಮೊದಲು ಒಂದು ಪ್ರಶ್ನೆ ಎದ್ದಿತು. ಎರಡು ಯಂತ್ರಗಳ ದನಿಯಲ್ಲಿ ಅಂತರ ಅಷ್ಟು ಸಣ್ಣದಾದರೆ, ಈ ಮೂರು ವಾರಗಳಲ್ಲಿ ನಮ್ಮ ಮನೆಯ ಸಂಜೆ ಬದಲಾದದ್ದು ಏಕೆ?

ಬದಲಾದದ್ದು ನಿಜ. ಹಳೆಯ ಯಂತ್ರವಿದ್ದಾಗ ಹಾಡು ನಮ್ಮ ಮನೆಯಲ್ಲಿ ಹರಿಯುವ ನಲ್ಲಿಯಂತಿತ್ತು. ಒತ್ತಿದರೆ ಬರುತ್ತಿತ್ತು, ಬೇಡವಾದರೆ ಮುಂದಿನದು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ, ಮಗಳು ಕಿವಿಯಲ್ಲಿ ತನ್ನದೇ ಬೇರೆ ಹಾಡು ಸಿಕ್ಕಿಸಿಕೊಂಡಿರುತ್ತಿದ್ದಳು, ಅವ್ವ ಒಳಗಿರುತ್ತಿದ್ದಳು. ವಾಲ್ವ್ ಯಂತ್ರ ಬಂದ ಮೇಲೆ ಒಂದು ಕಟ್ಟಳೆ ತಾನಾಗಿ ಆಯಿತು. ಅದು ಕಾಯಬೇಕು, ನಾವು ಕಾಯಬೇಕು. ಬಿಸಿಯಾಗುವುದರಿಂದ ಅದನ್ನು ದಿನವೆಲ್ಲ ಹಚ್ಚಿ ಬಿಡುವಂತಿಲ್ಲ. ಹಚ್ಚಿದರೆ ಕುಳಿತು ಕೇಳಬೇಕು. ರಾತ್ರಿ ಊಟದ ಮೇಲೆ ಅರ್ಧ ತಾಸು ಎಂದು ಗೊತ್ತು ಮಾಡಿದೆವು. ದೀಪ ಆರಿಸಿದರೆ ಬುಡ್ಡಿಗಳ ಕೆಂಪು ಬೆಳಕು ಮಾತ್ರ. ಅವ್ವನೂ ಹೊರಗೆ ಬಂದು ಕುಳಿತಳು.

ಒಂದು ರಾತ್ರಿ ಬುಡ್ಡಿಗಳು ಕಾಯುವ ಅರ್ಧ ನಿಮಿಷದಲ್ಲಿ ಅವ್ವ ಮಾತೆತ್ತಿದಳು. “ನಾ ಲಗ್ನಾಗಿ ಬಂದಾಗ ನಿಮ್ಮ ಮುತ್ತ್ಯಾನ ರೇಡಿಯೋನೂ ಹಿಂಗ ಕೆಂಪಗ ಕಾಣತಿತ್ತು. ಹಾಡ ಬರೂತನಕ ನಾವು ಹೆಣಮಕ್ಕಳು ನಮ್ಮ ಹಾಡ ಅಂತಿದ್ದಿವಿ.” ನಾನು ಸ್ತಬ್ಧನಾದೆ. ಭಂಗಾರದವನ ತಕ್ಕಡಿ ಕಣ್ಣ ಮುಂದೆ ಬಂದಿತು. ಮಗಳು ಕೇಳಿದಳು, “ಯಾವ ಹಾಡ?” ಅವ್ವ ಮೊದಲು ನಾಚಿದಳು, ಬಳಿಕ ಬೀಸುವ ಕಲ್ಲಿನ ಒಂದು ಪದ ಎತ್ತಿದಳು. ಅಷ್ಟರಲ್ಲಿ ಬುಡ್ಡಿಗಳು ಕಾದು ಯಂತ್ರ ಸಿದ್ಧವಾಗಿತ್ತು. ಅಂದು ನಾವು ಅದಕ್ಕೆ ಹಾಡು ಹಚ್ಚಲೇ ಇಲ್ಲ.

ಆ ಪದಗಳಲ್ಲಿ ಹಗೇವು ಬಂದಿತು, ಹಂತಿ ಬಂದಿತು, ಕಣ ಬಂದಿತು. ಕನ್ನಡದಲ್ಲಿ ನೂರಕ್ಕೆ ತೊಂಬತ್ತು ಅಂಕ ತೆಗೆಯುವ ಮಗಳಿಗೆ ಒಂದೂ ಗೊತ್ತಿಲ್ಲ! ನೆಲದಲ್ಲಿ ತೋಡಿ ಜೋಳ ತುಂಬಿಡುವ ಹಗೇವು ಯಾವ ಮನೆಯಲ್ಲೂ ಉಳಿದಿಲ್ಲ; ಕಣದಲ್ಲಿ ಎತ್ತು ಕಟ್ಟಿ ತುಳಿಸುವ ಹಂತಿ ಯಂತ್ರ ಬಂದ ಮೇಲೆ ನಿಂತುಹೋಯಿತು. ವಸ್ತು ಹೋದ ಮೇಲೆ ಅದರ ಮಾತು ಉಳಿಯುವುದು ಕಿವಿಯಲ್ಲಿ ಮಾತ್ರ. ಅವ್ವನ ಕಿವಿಯಿಂದ ಮಗಳ ಕಿವಿಗೆ ಅದು ದಾಟಬೇಕಾದರೆ ಇಬ್ಬರೂ ಒಂದೇ ಕೋಣೆಯಲ್ಲಿ ಸುಮ್ಮನೆ ಕುಳಿತಿರಬೇಕು. ನಮ್ಮ ಮನೆಯಲ್ಲಿ ಅಂಥ ಹೊತ್ತು ಎಷ್ಟೋ ವರ್ಷಗಳಿಂದ ಇರಲಿಲ್ಲ. ಅದನ್ನು ತಿರುಗಿ ತಂದದ್ದು ವಾಲ್ವಿನ ಸವಿದನಿಯಲ್ಲ, ಅದರ ತಡ. ನಾನು ಯಂತ್ರವನ್ನು ಇಟ್ಟುಕೊಂಡ ಕಾರಣ ಇದೇ.

ಇಷ್ಟು ಹೇಳಿ, ನನ್ನ ಅಭಿಪ್ರಾಯಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇನೆ.

ಮೊದಲನೆಯದು ವಿದ್ಯಾರ್ಥಿಗಳಿಗೆ. ಕನ್ನಡದಲ್ಲಿ ‘ಕೇಳು’ ಎಂಬ ಮಾತಿಗೆ ಎರಡು ಅರ್ಥ: ಆಲಿಸುವುದು, ಪ್ರಶ್ನಿಸುವುದು. ಮರಾಠಿಯಲ್ಲಿ ಇವೆರಡಕ್ಕೆ ‘ಐಕಣೆ’, ‘ವಿಚಾರಣೆ’ ಎಂದು ಬೇರೆ ಬೇರೆ ಮಾತುಗಳಿವೆ. ಎರಡು ಭಾಷೆಗಳ ನಡುವೆ ಬೆಳೆದ ನಮಗೆ ಇದು ಬೇಗ ಕಾಣಿಸುತ್ತದೆ. ನಮ್ಮ ಹಿರಿಯರು ಎರಡನ್ನೂ ಒಂದೇ ಮಾತಿನಲ್ಲಿ ಇಟ್ಟದ್ದು ನನಗೆ ಅರ್ಥಪೂರ್ಣವೆನ್ನಿಸುತ್ತದೆ. ಆಲಿಸದೆ ಪ್ರಶ್ನಿಸಿದರೆ ಅದು ಬರಿಯ ತಂಟೆ. ಪ್ರಶ್ನಿಸದೆ ಆಲಿಸಿದರೆ ನನ್ನ ‘ಆತ್ಮದ ಭಾಷಣ’ದಂತೆ ಆಗುತ್ತದೆ. ಗುರುಗಳು ಹೇಳಿದರೆಂದು, ಹಳೆಯದೆಂದು, ಹೊಸದೆಂದು, ಬೆಲೆ ಹೆಚ್ಚೆಂದು ಯಾವುದನ್ನೂ ಒಪ್ಪಬೇಡಿರಿ. ಪಂಚೆಯ ಮರೆ ಕಟ್ಟಿ ಇಪ್ಪತ್ತು ಸಲ ಕೇಳಿರಿ. ತಂದೆಯನ್ನು ಸೋಲಿಸಿದ ಮಗಳಿಗೆ ನಾನು ಅಂದು ಜಿಲೇಬಿ ತಂದುಕೊಟ್ಟೆ.

ಎರಡನೆಯದು ಪಾಲಕರಿಗೆ. ಜೋರಾದ ದನಿಯನ್ನು ನಮ್ಮ ಕಿವಿ ‘ಚೆನ್ನ’ ಎಂದು ತಿಳಿಯುತ್ತದೆ ಎಂಬ ಪಾಠ ಯಂತ್ರಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಊರಿನ ರಸ್ತೆಯಲ್ಲಿ ಜೂನ್ ತಿಂಗಳು ಬಂದರೆ ಬೇರೆ ಮಾಧ್ಯಮದ ಶಾಲೆಗಳ ಫಲಕಗಳು, ಬಣ್ಣದ ಬಸ್ಸುಗಳು ಎಷ್ಟು ಜೋರಾಗಿ ಕೂಗುತ್ತವೆಂಬುದನ್ನು ನೀವು ಬಲ್ಲಿರಿ. ಅವು ಕೆಟ್ಟವೆಂದು ನಾನು ಹೇಳಲಾರೆ; ನಾನೇ ಎರಡು ಭಾಷೆಗಳಲ್ಲಿ ಕಲಿತವನು, ಮರಾಠಿ ನನಗೆ ಅನ್ನ ಕೊಟ್ಟ ಭಾಷೆ. ಆದರೆ ನಿರ್ಣಯಕ್ಕೆ ಮೊದಲು ದನಿ ಸರೀಸಮ ಮಾಡಿ ಕೇಳಿರಿ. ಫಲಕದ ಬಣ್ಣ ತೆಗೆದು, ತರಗತಿಯಲ್ಲಿ ಮಗು ಏನು ಓದುತ್ತದೆ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತದೆಯೇ, ಅಜ್ಜಿಯ ಮಾತು ಅದಕ್ಕೆ ತಿಳಿಯುತ್ತದೆಯೇ ಎಂಬುದನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಆಮೇಲೆ ಬೇರೆಯದೇ ಚೆನ್ನೆನ್ನಿಸಿದರೆ ಅದು ನಿಮ್ಮ ವಿವೇಕ. ನಮ್ಮ ಶಾಲೆಗೂ ಇದೇ ನಿಯಮ. ನಾವೂ ‘ಆತ್ಮ’ವಿದೆಯೆಂದು ಭಾಷಣ ಮಾಡಿ ಪಾರಾಗುವಂತಿಲ್ಲ, ಪರೀಕ್ಷೆಗೆ ನಿಲ್ಲಬೇಕು.

ಮೂರನೆಯದು ಮಕ್ಕಳ ಕಿವಿಯ ಮಾತು. ಕಿವಿಯೊಳಗೆ ಸಿಕ್ಕಿಸುವ ಯಂತ್ರಗಳು ಇಂದು ಪ್ರತಿ ಮನೆಯಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ದೊಡ್ಡವರು 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ತಾಸು ಕೇಳಬಹುದು. ಮಕ್ಕಳಿಗೆ 75ಕ್ಕಿಂತ ಹೆಚ್ಚು ಸಲ್ಲದು. ದನಿ ಮೂರು ಡೆಸಿಬೆಲ್ ಏರಿದರೆ ಕೇಳುವ ಹೊತ್ತನ್ನು ಅರ್ಧಕ್ಕೆ ಇಳಿಸಬೇಕು. ಕಿವಿಯ ಒಳಗಿನ ಸೂಕ್ಷ್ಮ ಕೂದಲಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಾಲ್ವ್ ಸುಟ್ಟರೆ ಸೊಲ್ಲಾಪುರದಲ್ಲಿ ಬೇರೆ ಸಿಗುತ್ತದೆ, ಕಿವಿ ಸಿಗುವುದಿಲ್ಲ.

ನಾಲ್ಕನೆಯದು ಎಚ್ಚರಿಕೆ. ಈ ಲೇಖನ ಓದಿ ಯಾರೂ ವಾಲ್ವ್ ಯಂತ್ರ ಕೊಳ್ಳಲು ಓಡಬೇಕಾಗಿಲ್ಲ. ನಿಮ್ಮ ಮನೆಯಲ್ಲಿರುವ ಸಣ್ಣ ಯಂತ್ರ ಸಾಕು. ನನ್ನ ಇಪ್ಪತ್ತರ ಪರೀಕ್ಷೆಯೇ ಅದಕ್ಕೆ ಸಾಕ್ಷಿ. ಯಾರ ಮನೆಯಲ್ಲಾದರೂ ಹಳೆಯ ವಾಲ್ವ್ ರೇಡಿಯೋ ಇದ್ದರೆ ಭಂಗಾರಕ್ಕೆ ಹಾಕಬೇಡಿರಿ. ಆದರೆ ಅದನ್ನು ಬಿಚ್ಚುವ ಸಾಹಸವನ್ನೂ ಮಾಡಬೇಡಿರಿ. ಗುಂಡಿ ಆರಿಸಿದ ಮೇಲೂ ಅದರೊಳಗೆ ಪ್ರಾಣಾಪಾಯದ ವಿದ್ಯುತ್ತು ಕೆಲಹೊತ್ತು ಉಳಿದಿರುತ್ತದೆ. ಬಲ್ಲವರ ಕೈಯಲ್ಲಿ ಕೊಡಿರಿ.

ಕೊನೆಯದಾಗಿ ಒಂದು ವಿನಂತಿ. ವಾರಕ್ಕೆ ಒಂದು ದಿನ, ಅರ್ಧ ತಾಸು, ಮನೆಯವರೆಲ್ಲ ಒಂದು ಕಡೆ ಕುಳಿತುಕೊಳ್ಳಿರಿ. ಮೊದಲ ಕೆಲವು ನಿಮಿಷ ಏನನ್ನೂ ಹಚ್ಚಬೇಡಿರಿ, ಕಾಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರು ಮಾತೆತ್ತುತ್ತಾರೆ. ಎತ್ತದಿದ್ದರೆ ನೀವು ಕೇಳಿರಿ. ಬಂದ ಹಾಡನ್ನೋ ಒಗಟನ್ನೋ ಗಾದೆಯನ್ನೋ ಮೊಬೈಲಿನಲ್ಲಿ ಹಿಡಿದಿಡಿರಿ. ಗೊತ್ತಿಲ್ಲದ ಮಾತುಗಳನ್ನು ವಹಿಯಲ್ಲಿ ಬರೆದು ನನಗೆ ತೋರಿಸಿರಿ. ನನಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೂಡಿ ಹಿರಿಯರ ಬಳಿಗೆ ಹೋಗೋಣ.

ನನ್ನ ಮಗಳು ಅವ್ವನ ಹನ್ನೊಂದು ಪದಗಳನ್ನು ಹೀಗೆ ಹಿಡಿದಿಟ್ಟಿದ್ದಾಳೆ. ಮೊನ್ನೆ ಅವನ್ನು ಎರಡೂ ಯಂತ್ರಗಳಲ್ಲಿ ಒಂದರ ಮೇಲೊಂದು ಹಚ್ಚಿದಳು. ಹಿನ್ನೆಲೆಯಲ್ಲಿ ಓಣಿಯ ನಾಯಿ ಬೊಗಳುತ್ತದೆ, ಫ್ಯಾನು ಸದ್ದು ಮಾಡುತ್ತದೆ, ಅವ್ವ ನಡುವೆ ಕೆಮ್ಮುತ್ತಾಳೆ. ಯಾವ ಯಂತ್ರದಲ್ಲಿ ಚೆನ್ನಾಗಿ ಕೇಳಿತೆಂದು ಈ ಸಲ ಯಾರೂ ಯಾರನ್ನೂ ಕೇಳಲಿಲ್ಲ. “ಹಗೇವಿನ ಪದದಾಗ ಒಂದ ಸಾಲು ಬಿಟ್ಟೀನಿ, ತಿರಗಿ ಹಿಡ್ಕೊ ತಂಗೀ” ಎಂದು ಅವ್ವ ಮಾತ್ರ ಹೇಳಿದಳು.